ಗೆದ್ದ ಪಣವನ್ನು ಹಿಂದಿರುಗಿಸಿದ ಡಾನ್ ಬೋಸ್ಕೊ

ಜನವರಿ 31ರಂದು ಧರ್ಮಸಭೆಯು ಸಂತ ಜಾನ್ ಬೋಸ್ಕೊ ಅವರ ಹಬ್ಬವನ್ನು ಆಚರಿಸುತ್ತದೆ. ಯುವಜನರ ತಂದೆ, ಗುರು ಹಾಗೂ ಮಿತ್ರ ಎಂದು ಹೆಸರಾದ ಈ ಸಂತರ ಚಿತ್ರಪಟವನ್ನು ಕಾಣದ ಕಥೋಲಿಕ ಕುಟುಂಬ ನಮ್ಮಲ್ಲಿ ವಿರಳ. ಕಪ್ಪು ನಿಲುವಂಗಿ, ಗುಂಗುರು ಕೂದಲು, ಮುಖದಲ್ಲಿ ಮಂದಹಾಸ, ಸುತ್ತಲೂ ಹುಡುಗರು. ಆದರೆ ಆ ನಿಲುವಂಗಿ ತೊಡುವ ಮೊದಲು ಅವರು ಹಗ್ಗದ ಮೇಲೆ ನಡೆಯುತ್ತಿದ್ದರು, ಕೈಗಳನ್ನೂರಿ ಕಾಲುಗಳನ್ನು ಮೇಲೆತ್ತಿ ಓಡಾಡುತ್ತಿದ್ದರು, ಓಟದಲ್ಲಿ ವೃತ್ತಿಪರ ಆಟಗಾರನೊಬ್ಬನನ್ನು ಹಿಂದೆ ಹಾಕಿದ್ದರು ಎಂಬುದು ಎಷ್ಟು ಮಂದಿಗೆ ತಿಳಿದಿದೆ? ಅವರ ಜೀವನ ಚರಿತ್ರೆಗಳಲ್ಲಿ ಈ ಸಂಗತಿಗಳು ಬಾಲ್ಯದ ವಿನೋದಗಳೆಂಬಂತೆ ಒಂದೆರಡು ಪುಟಗಳಲ್ಲಿ ಮುಗಿದುಹೋಗುತ್ತವೆ. ನನಗಾದರೋ ಅವರ ಬದುಕಿನ ತಿರುಳು ಅಲ್ಲಿಯೇ ಇದೆ ಎನಿಸುತ್ತದೆ. ಬೀಳುವುದನ್ನು, ಗೆಲ್ಲುವುದನ್ನು, ಇವೆರಡಕ್ಕಿಂತಲೂ ಕಠಿಣವಾದ, ಸೋತವನನ್ನು ನಡೆಸಿಕೊಳ್ಳುವ ಬಗೆಯನ್ನು ಅವರು ಕಲಿತದ್ದು ಆಟದ ಬಯಲಿನಲ್ಲಿ.

ಡಾನ್ ಎಂಬುದು ಅವರ ಹೆಸರಿನ ಭಾಗವಲ್ಲ. ನಾವು ಗುರುಗಳನ್ನು ಸ್ವಾಮಿ ಎಂದು ಕರೆಯುವಂತೆ ಇಟಲಿಯವರು ಗೌರವದಿಂದ ಬಳಸುವ ಮಾತು ಅದು. ಹೆಸರು ಜೊವಾನ್ನಿ, ಎಂದರೆ ಜಾನ್. ಹುಟ್ಟಿದ್ದು 1815ರ ಆಗಸ್ಟ್ 16ರಂದು, ಇಟಲಿಯ ಪೀಡ್‌ಮಾಂಟ್ ಸೀಮೆಯ ಬೆಕ್ಕಿ ಎಂಬ ಕೊಪ್ಪಲಿನಲ್ಲಿ. ತಂದೆ ಫ್ರಾನ್ಸೆಸ್ಕೊ ಒಕ್ಕಲಿಗ. ಒಂದು ದಿನ ಬೆವರಿದ ಮೈಯಲ್ಲಿ ತಣ್ಣನೆಯ ನೆಲಮಾಳಿಗೆಗೆ ಇಳಿದು ಜ್ವರ ಹಿಡಿದು ಅವರು ತೀರಿಕೊಂಡಾಗ ಜಾನ್‌ಗೆ ಎರಡು ವರ್ಷವೂ ತುಂಬಿರಲಿಲ್ಲ. ವಯಸ್ಸಾದ ಅತ್ತೆ, ಗಂಡನ ಮೊದಲ ಹೆಂಡತಿಯ ಮಗ ಆಂಟೋನಿಯೊ, ತನ್ನವೇ ಎರಡು ಎಳೆಯ ಮಕ್ಕಳು, ಇವರೆಲ್ಲರ ಹೊಣೆ ಮಾರ್ಗರೀಟಾ ಎಂಬ ತಾಯಿಯ ಹೆಗಲಿಗೆ ಬಿತ್ತು. ಆಕೆಗೆ ಓದು ಬರಹ ಬಾರದು. ಆದರೂ ಮಕ್ಕಳಿಗೆ ಜ್ಞಾನೋಪದೇಶವನ್ನು ಬಾಯಿಪಾಠ ಮಾಡಿಸಿದವಳು ಆಕೆಯೇ.

ಜಾನ್ ಒಂಬತ್ತು ವರ್ಷದವನಿದ್ದಾಗ ಕಂಡ ಕನಸು ಪ್ರಸಿದ್ಧವಾದದ್ದು. ಕನಸಿನಲ್ಲಿಯೂ ಕಂಡದ್ದು ಆಟದ ಬಯಲೇ. ಅಲ್ಲಿ ಆಡುತ್ತಿದ್ದ ಹುಡುಗರಲ್ಲಿ ಕೆಲವರು ಕೆಟ್ಟ ಮಾತುಗಳನ್ನಾಡುತ್ತಿದ್ದರು. ಅದನ್ನು ಕೇಳಲಾರದೆ ಜಾನ್ ಮುಷ್ಟಿ ಬಿಗಿದು ಅವರ ಮಧ್ಯೆ ನುಗ್ಗಿದ. ಆಗ ತೇಜೋವಂತನಾದ ಪುರುಷನೊಬ್ಬನು ಕಾಣಿಸಿಕೊಂಡು, ಇವರನ್ನು ಗೆಲ್ಲಬೇಕಾದದ್ದು ಹೊಡೆತದಿಂದಲ್ಲ, ಸೌಮ್ಯತೆಯಿಂದ ಎಂದು ತಿಳಿಹೇಳಿದ. ಜೊತೆಯಲ್ಲಿದ್ದ ಮಹಿಳೆಯು ತೋರಿಸಿದತ್ತ ನೋಡಿದಾಗ ಹುಡುಗರಿದ್ದ ಜಾಗದಲ್ಲಿ ಕಾಡುಮೃಗಗಳಿದ್ದವು. ಬಳಿಕ ಅವು ಕುರಿಮರಿಗಳಾದವು. ಆ ಮಹಿಳೆಯನ್ನು ಅವರು ಮಾತೆ ಮರಿಯಮ್ಮನವರೆಂದೇ ನಂಬಿದರು. ಕನಸಿನ ಅರ್ಥ ಅಂದು ಆ ಬಾಲಕನಿಗೆ ಹೊಳೆಯಲಿಲ್ಲ. ಮುಷ್ಟಿ ಬಿಗಿಯುವ ಸ್ವಭಾವವೂ ಮರುದಿನವೇ ಬಿಟ್ಟುಹೋಗಲಿಲ್ಲ. ಸಂತರು ಹುಟ್ಟುವಾಗಲೇ ಸಂತರಾಗಿರುತ್ತಾರೆಂದು ಭಾವಿಸುವವರು ಇದನ್ನು ಗಮನಿಸಬೇಕು.

ಸುತ್ತಮುತ್ತಲ ಸಂತೆ ಜಾತ್ರೆಗಳಿಗೆ ದೊಂಬರಾಟದವರು, ಕೈಚಳಕದವರು ಬರುತ್ತಿದ್ದರು. ಜಾನ್ ತಾಯಿಯ ಅಪ್ಪಣೆ ಪಡೆದು ಹೋಗಿ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ. ಉಳಿದವರು ಬೆರಗಿನಿಂದ ಚಪ್ಪಾಳೆ ತಟ್ಟುವಾಗ ಈತ ಆಟಗಾರನ ಕೈ ಕಾಲುಗಳ ಚಲನೆಯನ್ನೇ ದಿಟ್ಟಿಸುತ್ತಿದ್ದ. ಮನೆಗೆ ಬಂದು ಅದನ್ನೇ ಮಾಡಿ ನೋಡುತ್ತಿದ್ದ. ಬಿದ್ದದ್ದು ಎಷ್ಟು ಸಲವೋ, ಮೈ ತರಚಿಕೊಂಡದ್ದು ಎಷ್ಟು ಸಲವೋ! ಆದರೂ ಬಿಡದೆ ಅಭ್ಯಾಸ ಮಾಡಿ ಹನ್ನೊಂದರ ಪ್ರಾಯಕ್ಕೆಲ್ಲ ಲಾಗ ಹಾಕುವುದು, ಕೈಗಳ ಮೇಲೆ ನಡೆಯುವುದು, ಹಗ್ಗದ ಮೇಲೆ ಕುಣಿಯುವುದು ಎಲ್ಲವನ್ನೂ ಕರಗತ ಮಾಡಿಕೊಂಡ. ಸಲಕರಣೆಗಳಿಗೆ ಬೇಕಾದ ಕಾಸನ್ನು ಹಕ್ಕಿ ಹಿಡಿದು ಮಾರಿ, ಹುಲ್ಲಿನ ಟೋಪಿ ಹೆಣೆದು, ಹಬ್ಬಕ್ಕೆ ಸಿಕ್ಕ ಪುಡಿಗಾಸನ್ನು ಉಳಿಸಿ ಕೂಡಿಸಿದ. ಇದನ್ನು ಕಲಿಸಿದ ಗುರು ಯಾರೂ ಇರಲಿಲ್ಲ. ಬಿದ್ದ ನೆಲವೇ ಗುರು.

ಬೆಕ್ಕಿಯ ಹುಲ್ಲುಗಾವಲಿನಲ್ಲಿ ಕೆಲವು ಮರಗಳಿದ್ದವು. ರಜಾದಿನದ ಸಂಜೆ ಒಂದು ಪೇರು ಮರದಿಂದ ಮತ್ತೊಂದು ಮರಕ್ಕೆ ಹಗ್ಗ ಬಿಗಿದು, ಒಂದು ಮೇಜು ಹಾಕಿ, ನೆಲಕ್ಕೊಂದು ಜಮಖಾನ ಹಾಸಿದರೆ ರಂಗ ಸಿದ್ಧ. ನೆರೆಹೊರೆಯವರು, ಹುಡುಗರು, ಮುದುಕರು ನೆರೆಯುತ್ತಿದ್ದರು. ಪ್ರವೇಶಕ್ಕೆ ಹಣವಿರಲಿಲ್ಲ, ಆದರೆ ಶುಲ್ಕವೊಂದಿತ್ತು. ಮೊದಲು ಜಪಸರ ಪ್ರಾರ್ಥನೆ, ಒಂದು ಗೀತೆ, ಬೆಳಿಗ್ಗೆ ದೇವಾಲಯದಲ್ಲಿ ಗುರುಗಳು ನೀಡಿದ ಪ್ರಬೋಧನೆಯ ಸಾರಾಂಶ, ಆಮೇಲೆ ಆಟ. ಪ್ರಾರ್ಥನೆಗೆ ಒಲ್ಲದವನಿಗೆ ಆಟವೂ ಇಲ್ಲ. ಕೆಲವರು ಗೊಣಗಿದ್ದೂ ಉಂಟು. ಆದರೆ ಹಗ್ಗದ ಮೇಲಿನ ನಡಿಗೆಯನ್ನು ಬಿಟ್ಟು ಹೋಗಲು ಯಾರಿಗೆ ಮನಸ್ಸು ಬಂದೀತು?

ಮುಂದಿನ ಕೆಲವು ವರ್ಷಗಳು ಕಷ್ಟದವು. ಪುಸ್ತಕ ಹಿಡಿದ ತಮ್ಮನನ್ನು ಕಂಡರೆ ಆಂಟೋನಿಯೊಗೆ ಸಿಟ್ಟು. ಮನೆಯಲ್ಲಿ ಜಗಳ ಬೆಳೆಯದಿರಲೆಂದು 1828ರಲ್ಲಿ ತಾಯಿ ಮಗನನ್ನು ದೂರದ ಹೊಲಮನೆಯೊಂದಕ್ಕೆ ಆಳಾಗಿ ದುಡಿಯಲು ಕಳುಹಿಸಬೇಕಾಯಿತು. ಅನಂತರ ಕಲೋಸ್ಸೊ ಎಂಬ ವೃದ್ಧ ಗುರುಗಳು ಪಾಠ ಹೇಳಿದರು. ಅವರೂ 1830ರಲ್ಲಿ ಹಠಾತ್ತನೆ ತೀರಿಕೊಂಡರು. 1831ರಲ್ಲಿ ಹದಿನಾರು ವರ್ಷದ ಜಾನ್ ಕಿಯೇರಿ ಪಟ್ಟಣದ ಶಾಲೆಗೆ ಸೇರಿ ತನಗಿಂತ ಚಿಕ್ಕವರೊಡನೆ ಬೆಂಚಿನಲ್ಲಿ ಕುಳಿತ. ಹೊಟ್ಟೆಪಾಡಿಗೆ ದರ್ಜಿಯ ಬಳಿ, ಕಾಫಿ ಅಂಗಡಿಯಲ್ಲಿ ದುಡಿದ. ಅಲ್ಲಿಯೇ ಗೆಳೆಯರನ್ನು ಕೂಡಿಸಿ ಸಂತೋಷದ ಸಂಘ ಎಂಬುದನ್ನು ಕಟ್ಟಿದ. ಅದರ ನಿಯಮ ಸರಳ: ಕ್ರೈಸ್ತನಿಗೆ ತಕ್ಕುದಲ್ಲದ ನಡೆ ನುಡಿ ಕೂಡದು; ಓದಿನ ಕರ್ತವ್ಯವನ್ನೂ ಧರ್ಮದ ಕರ್ತವ್ಯವನ್ನೂ ತಪ್ಪಿಸಕೂಡದು; ಎಲ್ಲರೂ ಹರ್ಷದಿಂದಿರಬೇಕು.

ಕಿಯೇರಿಯಲ್ಲಿ ಲೂಯಿಜಿ ಕೊಮೊಲ್ಲೊ ಎಂಬ ಸಹಪಾಠಿ ಬಂದು ಸೇರಿದ. ಮೈಯಲ್ಲಿ ಶಕ್ತಿಯಿಲ್ಲದ, ಮನಸ್ಸಿನಲ್ಲಿ ಹಗೆಯಿಲ್ಲದ ಹುಡುಗ. ಒಮ್ಮೆ ಕೆನ್ನೆಗೆ ಹೊಡೆದವನನ್ನು ಅಲ್ಲಿಯೇ ಕ್ಷಮಿಸಿದ್ದ. ಉಪಾಧ್ಯಾಯರಿಲ್ಲದ ಹೊತ್ತಿನಲ್ಲಿ ಪುಂಡರು ಮತ್ತೆ ಅವನ ಮೇಲೆ ಬಿದ್ದಾಗ ಬೋಸ್ಕೊಗೆ ತಡೆಯಲಾಗಲಿಲ್ಲ. ಕೈಗೆ ಕೋಲು ಸಿಗದೆ ಒಬ್ಬ ಪುಂಡನನ್ನೇ ಭುಜ ಹಿಡಿದೆತ್ತಿ, ಅವನನ್ನೇ ದೊಣ್ಣೆಯಂತೆ ಬೀಸಿ ಉಳಿದವರನ್ನು ಉರುಳಿಸಿದ. ಒಳಬಂದ ಉಪಾಧ್ಯಾಯರೂ ಕಾರಣ ತಿಳಿದು ನಕ್ಕರು. ನಗದಿದ್ದವನು ಕೊಮೊಲ್ಲೊ ಒಬ್ಬನೇ. ದೇವರು ಈ ಶಕ್ತಿಯನ್ನು ಕೊಟ್ಟದ್ದು ಗೆಳೆಯರನ್ನು ಬಡಿಯುವುದಕ್ಕಲ್ಲ ಎಂದು ಅವನು ಬೋಸ್ಕೊನನ್ನು ಪಕ್ಕಕ್ಕೆ ಕರೆದು ತಿಳಿಹೇಳಿದ. ತನಗಾಗಿ ಹೊಡೆದಾಡಿದವನನ್ನೇ ತಿದ್ದುವುದು ಸುಲಭದ ಮಾತಲ್ಲ. ಗೆದ್ದ ಬಿಸಿಯಲ್ಲಿದ್ದವನು ಅದನ್ನು ಕೇಳಿಸಿಕೊಳ್ಳುವುದಂತೂ ಇನ್ನೂ ಕಷ್ಟ. ಬೋಸ್ಕೊ ಕೇಳಿಸಿಕೊಂಡ. ಕೊಮೊಲ್ಲೊ 1839ರಲ್ಲಿ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡ. ಆದರೆ ಒಂಬತ್ತನೇ ವಯಸ್ಸಿನ ಕನಸಿನ ಮಾತನ್ನು ಬೋಸ್ಕೊಗೆ ಮತ್ತೊಮ್ಮೆ ನೆನಪಿಸಿದ್ದ.

ಇನ್ನು ಆ ಪಂದ್ಯದ ಕಥೆ. ಕಿಯೇರಿಗೆ ಒಬ್ಬ ದೊಂಬರಾಟದವನು ಬಂದ. ಪಟ್ಟಣದ ಈ ತುದಿಯಿಂದ ಆ ತುದಿಗೆ ಎರಡೂವರೆ ನಿಮಿಷದಲ್ಲಿ ಓಡಿ ಹೆಸರು ಮಾಡಿದ್ದ. ಅವನು ಆಟ ಹೂಡುತ್ತಿದ್ದುದು ಭಾನುವಾರ, ದೇವಾಲಯದಲ್ಲಿ ಪ್ರಾರ್ಥನೆ ನಡೆಯುವ ಹೊತ್ತಿಗೇ. ಸಂಘದ ಹುಡುಗರು ಒಬ್ಬೊಬ್ಬರಾಗಿ ಅತ್ತ ಜಾರತೊಡಗಿದರು. ಹೊತ್ತು ಬದಲಿಸೆಂದು ಬೋಸ್ಕೊ ಕೇಳಿಕೊಂಡಾಗ ಅವನು ನಕ್ಕುಬಿಟ್ಟ. ವಿದ್ಯಾರ್ಥಿಗಳಿಗೆಲ್ಲ ಸವಾಲು ಹಾಕಿದ. ಬೋಸ್ಕೊ ಒಪ್ಪಿದ. ಮೊದಲು ಓಟ, ಪಣ 20 ಲೀರಾ. ಕಿಯೇರಿಗೆ ಬಂದ ಹೊಸದರಲ್ಲಿ ಬೋಸ್ಕೊ ತಂಗಿದ್ದ ಮನೆಗೆ ಒಂದು ತಿಂಗಳಿಗೆ ಕೊಡಬೇಕಾಗಿದ್ದುದೇ ಹೆಚ್ಚು ಕಡಿಮೆ ಅಷ್ಟು. ಗೆಳೆಯರೆಲ್ಲ ಸೇರಿ ಹಣ ಕೂಡಿಸಿದರು.

ಬೋಸ್ಕೊ ಮೇಲಂಗಿ ಕಳಚಿ, ಶಿಲುಬೆಯ ಗುರುತು ಹಾಕಿಕೊಂಡು ಓಡಿದ. ಮೊದಲ ಕೆಲವು ಹೆಜ್ಜೆ ಎದುರಾಳಿಯೇ ಮುಂದಿದ್ದ. ಅರ್ಧ ದಾರಿಗೆ ಬರುವಷ್ಟರಲ್ಲಿ ಬೋಸ್ಕೊ ಅವನನ್ನು ಎಷ್ಟು ಹಿಂದೆ ಹಾಕಿದನೆಂದರೆ ಆತ ನಿಂತೇಬಿಟ್ಟ. ಸೋಲನ್ನು ನುಂಗಲಾರದೆ ನೆಗೆತಕ್ಕೆ ಕರೆದ. ಪಣ 40 ಲೀರಾ. ನೀರಿನ ಕಾಲುವೆಯೊಂದರ ಆಚೆಗೆ ಮೋಟುಗೋಡೆಯಿತ್ತು. ಆತ ನೆಗೆದು ಗೋಡೆಯ ಬುಡಕ್ಕೆ ಪಾದವೂರಿದ, ಅದಕ್ಕಿಂತ ಮುಂದೆ ಜಾಗವೇ ಇರಲಿಲ್ಲ. ಬೋಸ್ಕೊ ಅಷ್ಟೇ ನೆಗೆದು, ಗೋಡೆಯ ಮೇಲೆ ಕೈಯೂರಿ, ಆಚೆಗೇ ಹಾರಿದ. ಮೂರನೆಯದು ಕೋಲಾಟ ಎನ್ನೋಣ. ಪಣ 80 ಲೀರಾ. ತುದಿಗೆ ಟೋಪಿ ಸಿಕ್ಕಿಸಿದ ಕೋಲನ್ನು ಅಂಗೈಯಲ್ಲಿ ನಿಲ್ಲಿಸಿ ಬೆರಳು, ಭುಜ, ಗಲ್ಲ, ತುಟಿ, ಮೂಗು, ಹಣೆಗಳ ಮೇಲೆ ಹಾಯಿಸಿ ಅಂಗೈಗೆ ತರಬೇಕು. ಬೋಸ್ಕೊ ತಂದ. ದೊಂಬರಾಟದವನದೂ ಸೊಗಸಾಗಿಯೇ ಸಾಗಿತ್ತು, ಆದರೆ ಅವನ ಮೂಗು ತುಸು ಉದ್ದ. ಅಲ್ಲಿ ಕೋಲು ತಪ್ಪಿತು.

ಉಳಿದದ್ದು 100 ಲೀರಾ. ಒಂದು ಎಲ್ಮ್ ಮರವನ್ನು ತೋರಿಸಿ, ಯಾರ ಕಾಲು ಹೆಚ್ಚು ಎತ್ತರಕ್ಕೆ ತಲುಪುವುದೋ ಅವರಿಗೆ ಗೆಲುವು ಎಂದ. ಏರಿದ. ಇನ್ನೊಂದು ಗೇಣು ಮೇಲಕ್ಕೆ ಹೋದರೆ ತುದಿ ಮುರಿಯುತ್ತದೆ ಎನ್ನುವಷ್ಟು ಎತ್ತರಕ್ಕೆ ಏರಿ ಇಳಿದ. ಇದಕ್ಕಿಂತ ಮೇಲೆ ಏರಲು ಯಾರಿಗೂ ಸಾಧ್ಯವಿಲ್ಲವೆಂದು ನೆರೆದವರೆಲ್ಲ ನಿರ್ಧರಿಸಿಬಿಟ್ಟರು. ಬೋಸ್ಕೊ ಅಲ್ಲಿಯವರೆಗೇ ಏರಿ, ಕೊಂಬೆಯನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದು, ತಲೆ ಕೆಳಗಾಗಿ ಕಾಲುಗಳನ್ನು ಆಕಾಶಕ್ಕೆ ಎತ್ತಿದ. ಪಾದಗಳು ಎದುರಾಳಿ ತಲುಪಿದ್ದ ಎತ್ತರಕ್ಕಿಂತ ಸುಮಾರು ಒಂದು ಮೀಟರ್ ಮೇಲಿದ್ದವು. ಕೆಳಗೆ ಹುಡುಗರ ಕೂಗು ಮುಗಿಲು ಮುಟ್ಟಿತು. ದೊಂಬರಾಟದವನು ಅಳುವುದೊಂದು ಬಾಕಿ. ಅವನ ಬಳಿ ಇದ್ದ 240 ಲೀರಾ ಕೈಬಿಟ್ಟಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಗಟ್ಟಿಗನೊಬ್ಬನ ಸಾಹಸವಷ್ಟೇ ಆಗಿರುತ್ತಿತ್ತು. ಹುಡುಗರು ಅವನ ಮುಖ ನೋಡಿದರು. ಮುಲೆಟ್ಟೊ ಎಂಬ ಊಟದ ಮನೆಯಲ್ಲಿ ತಮಗೆಲ್ಲ ಒಂದು ಊಟ ಹಾಕಿಸಿದರೆ ಪಣದ ಹಣವನ್ನು ಹಿಂದಿರುಗಿಸುವುದಾಗಿ ಹೇಳಿದರು. ಆತ ಸಂತೋಷದಿಂದ ಒಪ್ಪಿದ. ಇಪ್ಪತ್ತೆರಡು ಮಂದಿ ಒಂದೇ ಪಂಕ್ತಿಯಲ್ಲಿ ಉಂಡರು, ಸೋತವನೂ ಅವರ ನಡುವೆಯೇ ಕುಳಿತ. ಊಟಕ್ಕೆ ತಗುಲಿದ್ದು 25 ಲೀರಾ. ಉಳಿದ 215 ಲೀರಾ ಅವನ ಜೇಬಿಗೆ ಮರಳಿತು. ಹುಡುಗರು ತನ್ನನ್ನು ದಿವಾಳಿಯಿಂದ ಉಳಿಸಿದರೆಂದು ಕೃತಜ್ಞತೆ ಹೇಳಿ, ಇನ್ನು ವಿದ್ಯಾರ್ಥಿಗಳಿಗೆ ಸವಾಲು ಹಾಕುವುದಿಲ್ಲವೆಂದು ಮಾತು ಕೊಟ್ಟು ಅವನು ಹೊರಟುಹೋದ.

ಸಂತರೇ ಪಣ ಕಟ್ಟಿ ಆಡಿದರಲ್ಲ ಎಂದು ಕೇಳುವವರಿದ್ದಾರೆ. ಕ್ರಿಕೆಟ್ ಪಂದ್ಯಗಳ ಬಾಜಿಗೆ ದುಡಿಮೆಯನ್ನೆಲ್ಲ ಸುರಿದು ಮನೆಮಂದಿಯನ್ನು ಬೀದಿಗೆ ತರುವವರನ್ನು ಕಾಣುವ ನಮಗೆ ಈ ಪ್ರಶ್ನೆ ಸಹಜವಾದದ್ದೇ. ಮರಳಿಸಿದ 215 ಲೀರಾವೇ ಅದಕ್ಕೆ ಉತ್ತರವೆಂದು ನನ್ನ ಎಣಿಕೆ. ಬಾಜಿಗಾರನು ಎದುರಾಳಿಯ ಜೇಬನ್ನು ನೋಡುತ್ತಾನೆ, ಬೋಸ್ಕೊ ನೋಡಿದ್ದು ಅವನ ಮುಖವನ್ನು. ನಮ್ಮ ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ಬೇಸಿಗೆಯ ರಾತ್ರಿ ದೀಪ ಕಟ್ಟಿ ಆಡಿಸುವ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳನ್ನು ನೋಡಿದವರಿಗೆ ಗೊತ್ತು, ಒಂದು ಅಂಕದ ತಕರಾರು ಎರಡು ಊರುಗಳ ಮಾತುಕತೆಯನ್ನೇ ನಿಲ್ಲಿಸಬಲ್ಲದು. ಗೆದ್ದ ತಂಡ ಸೋತ ತಂಡವನ್ನು ಊಟಕ್ಕೆ ಕರೆದರೆ ಆ ಊರುಗಳಲ್ಲಿ ಏನಾದೀತೆಂದು ಯೋಚಿಸಿ ನೋಡಬಹುದು.

1835ರಲ್ಲಿ ಗುರುಮಠಕ್ಕೆ ಸೇರಿ ನಿಲುವಂಗಿ ತೊಟ್ಟಾಗ ಬೋಸ್ಕೊ ದೊಂಬರಾಟ, ಕೈಚಳಕಗಳನ್ನೆಲ್ಲ ಬಿಟ್ಟುಬಿಡುವುದಾಗಿ ಸಂಕಲ್ಪ ಮಾಡಿದರು. ಅಷ್ಟು ವರ್ಷ ಬಿದ್ದು ಎದ್ದು ಕಲಿತದ್ದನ್ನು ತಾವಾಗಿಯೇ ತೊರೆದರು. 1841ರ ಜೂನ್ 5ರಂದು ಟ್ಯೂರಿನ್‌ನಲ್ಲಿ ಅವರಿಗೆ ಗುರುದೀಕ್ಷೆಯಾಯಿತು.

ಆಗ ಟ್ಯೂರಿನ್ ಬೆಳೆಯುತ್ತಿದ್ದ ನಗರ. ಹಳ್ಳಿಗಳಿಂದ ಹುಡುಗರು ಗಾರೆ ಕೆಲಸಕ್ಕೆ, ಕಲ್ಲು ಹೊರುವುದಕ್ಕೆ ಬಂದು ಸೇರುತ್ತಿದ್ದರು. ಮನೆಯಿಲ್ಲ, ಹಿರಿಯರಿಲ್ಲ, ಭಾನುವಾರ ಬಂದರೆ ಎಲ್ಲಿ ಹೋಗುವುದೆಂದು ತಿಳಿಯದು. ಅವರಲ್ಲಿ ಹಲವರನ್ನು ಬೋಸ್ಕೊ ಕಂಡದ್ದು ನಗರದ ಸೆರೆಮನೆಗಳಲ್ಲಿ. ಅವರ ಮಾರ್ಗದರ್ಶಕರಾಗಿದ್ದ ಸಂತ ಜೋಸೆಫ್ ಕಫಾಸ್ಸೊ ಅವರೇ ಅಲ್ಲಿಗೆ ಕರೆದೊಯ್ದಿದ್ದರು. ದೊಡ್ಡಬಳ್ಳಾಪುರದ ಮಗ್ಗಗಳ ಸದ್ದಿನಲ್ಲಿ ಬೆಳೆದವರಿಗೆ, ಬಾಶೆಟ್ಟಿಹಳ್ಳಿ ಮತ್ತು ದಾಬಸ್‌ಪೇಟೆಯ ಕಾರ್ಖಾನೆಗಳಿಂದ ಪಾಳಿ ಮುಗಿಸಿ ಬಾಡಿಗೆ ಕೋಣೆಗೆ ಮರಳುವ ಹುಡುಗರನ್ನು ಕಂಡವರಿಗೆ ಈ ಚಿತ್ರ ಹೊಸದೆನಿಸದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಬಳಿಕ ಆ ಸುತ್ತಿನಲ್ಲಿ ಎದ್ದ ಕಟ್ಟಡಗಳಿಗೆ ಕಲ್ಲು ಮಣ್ಣು ಹೊತ್ತವರಲ್ಲಿಯೂ ಊರು ಬಿಟ್ಟು ಬಂದ ಎಳೆಯರೇ ಹೆಚ್ಚು. ಅವರು ಭಾನುವಾರದ ಸಂಜೆಯನ್ನು ಎಲ್ಲಿ ಕಳೆಯುತ್ತಾರೆ ಎಂಬ ಪ್ರಶ್ನೆಯನ್ನು ನಮ್ಮ ಧರ್ಮಕೇಂದ್ರಗಳ ಸಭೆಗಳಲ್ಲಿ ಕೇಳಿದವರು ಎಷ್ಟು ಮಂದಿ?

ಬೋಸ್ಕೊ ಕೇಳಿಕೊಂಡರು. 1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬದಂದು ಬಾರ್ತಲೋಮಿಯೊ ಗರೆಲ್ಲಿ ಎಂಬ ಅನಾಥ ಹುಡುಗ ಪೂಜಾಸಾಮಗ್ರಿಯ ಕೋಣೆಗೆ ಬಂದು ಬೈಸಿಕೊಂಡು ಹೊರಬಿದ್ದಾಗ ಅವನನ್ನು ಹಿಂದಕ್ಕೆ ಕರೆಸಿದರು. ಓದು ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳಿದ್ದಕ್ಕೆಲ್ಲ ಇಲ್ಲವೆಂದ ಹುಡುಗ, ಸಿಳ್ಳೆ ಹಾಕಲು ಬರುತ್ತದೆಯೇ ಎಂದಾಗ ನಕ್ಕ. ಅಲ್ಲಿಂದ ಅವರ ಸೇವೆ ಮೊದಲಾಯಿತು. ಭಾನುವಾರಗಳಂದು ಹುಡುಗರು ನೂರುಗಟ್ಟಲೆ ಸೇರತೊಡಗಿದರು. ಪಾಪನಿವೇದನೆ, ಬಲಿಪೂಜೆ, ಜ್ಞಾನೋಪದೇಶ, ಬಳಿಕ ದಿನವಿಡೀ ಆಟ. ಗದ್ದಲಕ್ಕೆ ಬೇಸತ್ತ ನೆರೆಯವರು ಒಂದೊಂದು ಜಾಗದಿಂದಲೂ ಅವರನ್ನು ಎಬ್ಬಿಸಿದರು. ಹುಲ್ಲು ಬೇರುಸಹಿತ ಸವೆದುಹೋಯಿತೆಂದು ಬಯಲೊಂದರ ಮಾಲೀಕರೂ ಬಿಡಿಸಿದರು. ನಗರದ ಅಧಿಕಾರಿಗಳು ಇದನ್ನು ದಂಗೆಯ ಸಿದ್ಧತೆಯೆಂದು ಶಂಕಿಸಿದರು. ಗೆಳೆಯ ಗುರುಗಳು ಬೋಸ್ಕೊಗೆ ಬುದ್ಧಿ ಕೆಟ್ಟಿದೆಯೆಂದು ಭಾವಿಸಿದರು. ಕೊನೆಗೆ 1846ರ ಪಾಸ್ಖ ಹಬ್ಬಕ್ಕೆ ವಾಲ್ದೊಕ್ಕೊ ಎಂಬಲ್ಲಿ ಪಿನಾರ್ದಿ ಎಂಬುವರ ತಗ್ಗು ಸೂರಿನ ಕೊಟ್ಟಿಗೆಯೊಂದು ದೊರಕಿತು. ಪಕ್ಕದಲ್ಲಿ ಆಟಕ್ಕೆ ಜಾಗವಿತ್ತು.

ಆ ವರ್ಷದ ಕೊನೆಗೆ ತಾಯಿ ಮಾರ್ಗರೀಟಾ ಹಳ್ಳಿಯ ಮನೆ ಬಿಟ್ಟು ಮಗನೊಡನೆ ಬಂದು ನಿಂತರು. ಆ ಅನಾಥರಿಗೆಲ್ಲ ಅಡುಗೆ ಮಾಡಿದರು, ಬಟ್ಟೆ ಹೊಲಿದರು, ಪುಟ್ಟ ಕೈತೋಟ ಬೆಳೆಸಿದರು. ಒಂದು ಭಾನುವಾರ ಹುಡುಗರು ಮರದ ಬಂದೂಕು ಹಿಡಿದು ಯುದ್ಧದಾಟ ಆಡುತ್ತಾ ಸೋತ ಪಕ್ಷದವರು ಹಿಮ್ಮೆಟ್ಟಿ ಆ ತೋಟವನ್ನೇ ತುಳಿದು ನೆಲಸಮ ಮಾಡಿದರು. ಊರಿಗೆ ಹೋಗಿಬಿಡುತ್ತೇನೆಂದು ತಾಯಿ ಒಮ್ಮೆ ಕಣ್ಣೀರಿಟ್ಟಾಗ ಮಗ ಮಾತಾಡದೆ ಗೋಡೆಯ ಮೇಲಿನ ಶಿಲುಬೆಯನ್ನು ತೋರಿಸಿದರು. ಆಕೆ ಉಳಿದರು, 1856ರಲ್ಲಿ ತೀರಿಕೊಳ್ಳುವವರೆಗೂ ಉಳಿದರು. ಆಟದ ಬಯಲಿನ ಚರಿತ್ರೆಯಲ್ಲಿ ಬಡಿಸಿದವರ ಹೆಸರನ್ನು ಮರೆಯುವುದು ನಮ್ಮ ವಾಡಿಕೆ, ಆದುದರಿಂದ ಇಷ್ಟು ಹೇಳಿದೆ.

ಹುಡುಗರಿಗೆ ಕೆಲಸ ಕೊಟ್ಟ ಯಜಮಾನರೊಡನೆ ಬೋಸ್ಕೊ 1850ರ ದಶಕದ ಆರಂಭದಲ್ಲಿಯೇ ಲಿಖಿತ ಕರಾರು ಮಾಡಿಕೊಂಡರು. ಹಬ್ಬದ ದಿನಗಳಂದು ಬಿಡುವು ಕೊಡಬೇಕೆಂಬುದು ಅದರಲ್ಲೊಂದು ಷರತ್ತು. ಬಿಡುವಿಲ್ಲದವನಿಗೆ ಪ್ರಾರ್ಥನೆಯೂ ಇಲ್ಲ, ಆಟವೂ ಇಲ್ಲ ಎಂಬುದನ್ನು ಆಳಾಗಿ ದುಡಿದ ಅವರು ಬಲ್ಲರು. 1854ರಲ್ಲಿ ಬಂದ ದೊಮಿನಿಕ್ ಸಾವಿಯೊ ಎಂಬ ಬಾಲಕ ತಾನು ಸಂತನಾಗಬೇಕೆಂದು ನಿಶ್ಚಯಿಸಿ, ಗಂಭೀರನಾಗಿ, ಆಟ ಬಿಟ್ಟು ಮೂಲೆ ಸೇರಿದಾಗ ಅವರು ಅವನಿಗೆ ಉಪವಾಸ ವಿಧಿಸಲಿಲ್ಲ. ಗೆಳೆಯರ ಆಟಗಳಲ್ಲಿ ಎಂದಿನಂತೆ ಪಾಲ್ಗೊಳ್ಳಬೇಕೆಂದು ತಿಳಿಸಿದರು. ಆ ಹುಡುಗ 1857ರಲ್ಲಿ ಹದಿನೈದು ತುಂಬುವ ಮೊದಲೇ ತೀರಿಕೊಂಡ. 1954ರಲ್ಲಿ ಧರ್ಮಸಭೆ ಅವನನ್ನು ಸಂತನೆಂದು ಸಾರಿತು. ಮಕ್ಕಳ ಅಂಕಪಟ್ಟಿಯ ಚಿಂತೆಯಲ್ಲಿ ಸಂಜೆಯ ಆಟವನ್ನು ಕಸಿಯುವ ತಂದೆತಾಯಂದಿರು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಂಡರೆ ಒಳಿತು.

1859ರಲ್ಲಿ ಆರಂಭವಾದ ಅವರ ಸಲೇಸಿಯನ್ ಸಭೆಯ ಗುರುಗಳು 1906ರಲ್ಲಿ ಭಾರತಕ್ಕೆ ಬಂದು ತಂಜಾವೂರಿನಲ್ಲಿ ಸೇವೆ ಮೊದಲುಮಾಡಿದರು. ಬೆಂಗಳೂರಿನಿಂದ ಹೊಸಕೋಟೆಗೆ ಹೋಗುವ ಹಾದಿಯ ಕೃಷ್ಣರಾಜಪುರದಲ್ಲಿ ಅವರ ಕ್ರಿಸ್ತು ಜ್ಯೋತಿ ಗುರುಮಠವಿದೆ.

ಬೋಸ್ಕೊ ಅವರ ಕೊನೆಗಾಲದ ಒಂದು ಪತ್ರವನ್ನು ಇಲ್ಲಿ ನೆನೆಯಬೇಕು. 1884ರ ಮೇ 10ರಂದು ರೋಮಿನಿಂದ ಬರೆದದ್ದು. ಅದರಲ್ಲಿಯೂ ಒಂದು ಕನಸು, ಅದರಲ್ಲಿಯೂ ಆಟದ ಬಯಲು. ಮೊದಲು ಹಳೆಯ ದಿನಗಳ ವಾಲ್ದೊಕ್ಕೊ ಕಂಡಿತು. ಓಟ, ನೆಗೆತ, ಚೆಂಡಾಟ, ಹುಡುಗರ ನಡುವೆ ಬೆರೆತ ಗುರುಗಳು. ಅನಂತರ ಇಂದಿನ ವಾಲ್ದೊಕ್ಕೊ. ಬಯಲು ಅದೇ, ಹುಡುಗರು ಹೆಚ್ಚೇ ಇದ್ದಾರೆ, ಆದರೆ ಕೆಲವರು ಕಂಬಕ್ಕೊರಗಿ ನಿಂತಿದ್ದಾರೆ, ಕೆಲವರು ಗುಂಪಾಗಿ ಪಿಸುಗುಟ್ಟುತ್ತಿದ್ದಾರೆ. ಗುರುಗಳು ತಮ್ಮತಮ್ಮೊಳಗೆ ಮಾತಾಡುತ್ತಾ ದೂರದಲ್ಲಿ ಅಡ್ಡಾಡುತ್ತಿದ್ದಾರೆ. ನೀವು ಹುಡುಗರನ್ನು ಪ್ರೀತಿಸುತ್ತೀರಿ, ಆದರೆ ಆ ಪ್ರೀತಿ ಅವರಿಗೆ ಕಾಣುತ್ತಿಲ್ಲ ಎಂಬುದು ಪತ್ರದ ನೋವು. ಲೋಕವೆಲ್ಲ ಹರಡಿದ್ದ ಸಭೆಯ ಸ್ಥಾಪಕರು, ಅರುವತ್ತೆಂಟರ ವೃದ್ಧರು, ರೋಮಿನಲ್ಲಿ ಕುಳಿತು ಚಿಂತಿಸಿದ್ದು ಆಟದ ಹೊತ್ತಿನಲ್ಲಿ ತಮ್ಮ ಗುರುಗಳು ಎಲ್ಲಿ ನಿಂತಿರುತ್ತಾರೆ ಎಂಬುದನ್ನು.

ಐವತ್ತು ದಾಟಿದ ಮೇಲೂ ಹುಡುಗರೊಡನೆ ಪಂದ್ಯ ಕಟ್ಟಿ ಓಡಿದ್ದ ಅವರ ಕಾಲುಗಳು ಅಷ್ಟು ಹೊತ್ತಿಗೆ ಊದಿಕೊಂಡಿದ್ದವು, ಬೆನ್ನು ಬಾಗಿತ್ತು. ಕಿಯೇರಿಯ ಓಟಗಾರ ಈಗ ಒಬ್ಬರ ತೋಳು ಹಿಡಿಯದೆ ಹತ್ತು ಹೆಜ್ಜೆ ನಡೆಯಲಾರದಾಗಿದ್ದರು. 1888ರ ಜನವರಿ 31ರ ನಸುಕಿನಲ್ಲಿ, ಎಪ್ಪತ್ತೆರಡರ ಪ್ರಾಯದಲ್ಲಿ, ಅದೇ ವಾಲ್ದೊಕ್ಕೊದ ತಮ್ಮ ಕೋಣೆಯಲ್ಲಿ ಅವರು ದೈವಾಧೀನರಾದರು. 1934ರ ಪಾಸ್ಖ ಹಬ್ಬದ ದಿನ, ಏಪ್ರಿಲ್ 1ರಂದು, ಜಗದ್ಗುರು ಹನ್ನೊಂದನೇ ಪಯಸ್ ಅವರು ಡಾನ್ ಬೋಸ್ಕೊ ಅವರನ್ನು ಸಂತರೆಂದು ಘೋಷಿಸಿದರು. ಯುವ ಗುರುವಾಗಿದ್ದಾಗ ಇದೇ ಪಯಸರು 1883ರಲ್ಲಿ ವಾಲ್ದೊಕ್ಕೊಗೆ ಬಂದು ಬೋಸ್ಕೊ ಅವರನ್ನು ಕಣ್ಣಾರೆ ಕಂಡಿದ್ದರು.